ಕೆಂಪು ಬಾವುಟದ ಗಂಟು

ನಾನು ಬರೆದ ಪೆಡಿಗ್ರಿ ಚಾರ್ಟು, ಅಂದರೆ ವಂಶದ ನಕ್ಷೆ, ಕಾರವಾರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಬಹಳ ವರ್ಷ ಗೋಡೆಯ ಮೇಲಿತ್ತು. ನನ್ನ ನಂತರ ಅಲ್ಲಿ ಓದಿದವರು ಎಲ್ಲಾದರೂ ಸಿಕ್ಕರೆ, ಆ ಚಾರ್ಟು ನಿಮ್ಮದಂತೆ, ಹೌದೇ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಅದರ ಮೂರನೆಯ ಸಾಲಿನಲ್ಲಿ ಒಂದು ಚೌಕವಿದೆ, ಇಂಡಿಯನ್ ಇಂಕಿನಿಂದ ಪೂರ್ತಿ ಕಪ್ಪು ತುಂಬಿದ್ದು. ಅದು ನನ್ನ ಸೋದರಮಾವ ರಾಮಾ. ಅದರ ಬಗ್ಗೆ ಯಾರೂ ಕೇಳಿದ್ದಿಲ್ಲ. ನಾನಾಗಿ ಹೇಳಿದ್ದೂ ಇಲ್ಲ.

ತೊಂಬತ್ಮೂರರಲ್ಲಿ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಶೆಟಗೇರಿಯಿಂದ ಅಂಕೋಲೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಕಾರವಾರಕ್ಕೆ ಹೋಗುತ್ತಿದ್ದೆ. ಬಿಣಗಾ ದಾಟುವಾಗ ಸಮುದ್ರ ಕಾಣುವ ಹೊತ್ತಿಗೆ ನೋಟುಪುಸ್ತಕ ತೆಗೆದು ಹಿಂದಿನ ದಿನದ ಪಾಠ ನೋಡತೊಡಗುತ್ತಿದ್ದೆ. ಮೊದಲನೆಯ ಪಿರಿಯಡ್ಡು ಜೆನೆಟಿಕ್ಸ್.

ಅದನ್ನು ಕಲಿಸುತ್ತಿದ್ದವರು ದೇವಿದಾಸ ಸರ್. ಅವರು ಬೈದದ್ದನ್ನು ಯಾರೂ ಕೇಳಿದವರಿಲ್ಲ. ನಮ್ಮ ಹೆಸರು ಹಿಡಿದು ಕರೆದದ್ದೂ ಇಲ್ಲ. ಹಾಜರಿ ಪುಸ್ತಕದ ನಂಬರಿನಿಂದ ಕರೆಯುತ್ತಿದ್ದರು. ನಾನು ಹನ್ನೊಂದು. ಬಾಳೆಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣಗಳ ಕಣ್ಣಿನ ಬಣ್ಣ, ರೆಕ್ಕೆಯ ಆಕಾರ, ಸಾವಿರ ಮರಿಗಳಲ್ಲಿ ಯಾವ ಥರದವು ಎಷ್ಟು ಎಂದೆಲ್ಲ ಬೋರ್ಡಿನ ಮೇಲೆ ಬರೆದು, ಜೀನುಗಳು ಯಾವ ಕ್ರಮದಲ್ಲಿ ಕೂತಿವೆ ಹೇಳು ಎಂದು ಯಾರಾದರೊಬ್ಬರ ಕೈಗೆ ಸೀಮೆಸುಣ್ಣ ಕೊಟ್ಟುಬಿಡುತ್ತಿದ್ದರು. ಆಮೇಲೆ ಕೈಕಟ್ಟಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ತಪ್ಪು ಎಂದು ಹೇಳುತ್ತಿರಲಿಲ್ಲ. ಕಾಯುತ್ತಿದ್ದರು. ಬೆಲ್ಲು ಹೊಡೆಯುವವರೆಗೂ ಕಾದದ್ದಿದೆ.

ಮೌನ ನನಗೆ ಹೊಸದಾಗಿರಲಿಲ್ಲ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮಾತು ಕಡಿಮೆ. ಆದರೆ ಮನೆಯ ಮೌನದಲ್ಲಿ ಕೂತುಕೊಳ್ಳಬಹುದಿತ್ತು. ದೇವಿದಾಸ ಸರ್ ಅವರ ಮೌನದಲ್ಲಿ ನಿಂತೇ ಇರಬೇಕಿತ್ತು, ಹದಿನಾಲ್ಕು ಜನರಿಗೆ ಬೆನ್ನು ಮಾಡಿಕೊಂಡು.

ಮೊದಲ ಟೆಸ್ಟಿನಲ್ಲಿ ನನಗೆ ಐವತ್ತಕ್ಕೆ ಏಳು ಬಂತು. ಪೇಪರಿನ ಮೇಲೆ ಎಲ್ಲೂ ಕೆಂಪು ಗೆರೆ ಇರಲಿಲ್ಲ. ಪ್ರತಿ ಉತ್ತರದ ಪಕ್ಕದಲ್ಲಿ ಪೆನ್ಸಿಲಿನ ಒಂದು ಪ್ರಶ್ನೆಚಿಹ್ನೆ ಇತ್ತು, ಅಷ್ಟೆ. ಹಿಂದಿನ ವರ್ಷ ಹತ್ತೊಂಬತ್ತು ಜನರಲ್ಲಿ ಎಂಟು ಜನ ಇದೊಂದೇ ಪೇಪರಿನಲ್ಲಿ ನಪಾಸಾಗಿದ್ದರು. ಅವರಲ್ಲೊಬ್ಬ ಅಂಕೋಲೆಯ ಬಟ್ಟೆ ಅಂಗಡಿಯಲ್ಲಿ ಕೂತಿರುತ್ತಿದ್ದ. ನಾನು ಪುಸ್ತಕ ಹಿಡಿದು ಆ ದಾರಿಯಲ್ಲಿ ಹೋದರೆ ಥಾನು ಸುತ್ತುವ ನೆವದಲ್ಲಿ ಬೆನ್ನು ತಿರುಗಿಸುತ್ತಿದ್ದ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ನಾನೊಬ್ಬನೇ. ಆ ಅಂಗಡಿಯವನಂತೆ ಆಗಬಾರದು ಎನ್ನುವುದೊಂದೇ ಆ ವರ್ಷ ನನ್ನ ತಲೆಯಲ್ಲಿದ್ದದ್ದು.

ಜನವರಿಯಲ್ಲಿ ಸರ್ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಮನೆತನದ ಪೆಡಿಗ್ರಿ ಚಾರ್ಟು ಮಾಡಿ ತರಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತಲೆಮಾರಿಗೊಂದು ಸಾಲು. ವಂಶದಲ್ಲಿ ಹರಿದು ಬಂದ ಒಂದು ಗುಣವನ್ನು ಹುಡುಕಿ, ಅದು ಇದ್ದವರ ಗುರುತಿಗೆ ಕಪ್ಪು ತುಂಬಬೇಕು. ಇಪ್ಪತ್ತು ಅಂಕ.

"ಪುಸ್ತಕದಿಂದ ಇಳಿಸಿದರೆ ನನಗೆ ಗೊತ್ತಾಗುತ್ತದೆ. ಮನೆಯಿಂದ ತನ್ನಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತ ಬರೀರಿ" ಎಂದರು.

ಆಮೇಲೆ ಬೀರುವಿನಿಂದ ಒಂದು ಪುಸ್ತಕ ತೆಗೆದು ಎಲ್ಲರ ಕೈಗೂ ಕೊಟ್ಟರು. ಪುಟದ ತುಂಬ ಬಣ್ಣಬಣ್ಣದ ಚುಕ್ಕೆಗಳು, ಅವುಗಳ ನಡುವೆ ಒಂದು ಅಂಕಿ. ಕಣ್ಣು ಸರಿಯಿದ್ದವರಿಗೆ ಅಂಕಿ ಕಾಣುತ್ತದೆ. ಕೆಂಪು ಹಸಿರು ಬೇರೆಬೇರೆ ಕಾಣದವರಿಗೆ ಬರೀ ಚುಕ್ಕೆ. ಈ ಬಣ್ಣಗುರುಡು ತಾಯಿಯ ಕಡೆಯಿಂದ ಬರುತ್ತದೆ, ತಾಯಿಯಲ್ಲಿ ಅಡಗಿದ್ದು ಮಗನಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಸರ್ ಹೇಳುತ್ತಿದ್ದರು. ನನಗೆ ಎಲ್ಲ ಅಂಕಿಗಳೂ ಕಂಡವು. ಪುಸ್ತಕ ಪಕ್ಕದವನಿಗೆ ದಾಟಿಸುವಾಗ ಮಾವನ ನೆನಪಾಯಿತು.

ಅಪ್ಪ ತೀರಿಕೊಂಡಾಗ ನಾನು ನಾಲ್ಕನೇ ಇಯತ್ತೆಯಲ್ಲಿ ಓದುತ್ತಿದ್ದೆ. ಅವ್ವಿಯ ತಮ್ಮ ರಾಮಾ ಮಾವ ತನ್ನ ಕಂಬಳಿ ಹೊದ್ದುಕೊಂಡು ನಮ್ಮ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಮದುವೆಯನ್ನೂ ಆಗಲಿಲ್ಲ. ಇಶಾಡ ಮಾವಿನ ಮರ ಹತ್ತುವುದರಲ್ಲಿ ಅವನದು ಎತ್ತಿದ ಕೈ. ಯಾವ ಕಾಯಿ ಕೀಳುವ ಹದಕ್ಕೆ ಬಂದಿದೆ ಎಂದು ಉಳಿದವರು ಕೆಳಗಿನಿಂದ ಬಣ್ಣ ನೋಡಿ ಕೂಗುತ್ತಿದ್ದರೆ, ಅವನು ಮೇಲೆ ಕೂತು ತೊಟ್ಟಿಗೆ ಮೂಗು ಹಿಡಿದು, ಬೆರಳಿನಿಂದ ತಟ್ಟಿ ಹೇಳುತ್ತಿದ್ದ. ಬಣ್ಣದ ಮಾತೇ ಎತ್ತುತ್ತಿರಲಿಲ್ಲ. ಒಂದು ವರ್ಷ ಕೊಂಬೆ ಮುರಿದು ಬಿದ್ದ. ಬಲಗಾಲಿನ ಮೊಣಕಾಲು ಮತ್ತೆ ನೆಟ್ಟಗಾಗಲಿಲ್ಲ. ಮರ ಹತ್ತುವುದು ಹೋಯಿತು, ಹೊರೆ ಹೊರುವುದೂ ಹೋಯಿತು.

ಆ ಹೊತ್ತಿಗೆ ರೈಲು ದಾರಿಯ ಕೆಲಸ ನಮ್ಮ ಕಡೆ ಬಂತು. ಬಾಳೆಗುಳಿಯಿಂದ ಒಳಗೆ ಹೋಗುವ ಮಣ್ಣುರಸ್ತೆಯ ಪಕ್ಕದ ಗುಡ್ಡವನ್ನು ಮದ್ದು ಇಟ್ಟು ಒಡೆಯುತ್ತಿದ್ದರು. ಮದ್ದು ಹಾರುವ ಹೊತ್ತಿಗೆ ರಸ್ತೆಯ ಮೇಲೆ ಜನ, ಗಾಡಿ ಬಾರದಂತೆ ನಿಲ್ಲಿಸಲು ಎರಡೂ ಕಡೆ ಬಾವುಟದವರು ಬೇಕಿತ್ತು. ಮೇಲಿನಿಂದ ಉದ್ದಕ್ಕೆ ಒಂದು ಸೀಟಿ ಬಂದರೆ ಕೆಂಪು ತೋರಿಸಬೇಕು, ಗಿಡ್ಡಕ್ಕೆ ಎರಡು ಬಂದರೆ ಹಸಿರು. ನಿಂತು ಮಾಡುವ ಕೆಲಸ. ಮಾವನಿಗೆ ಅದು ಸಿಕ್ಕಿತು. ಕುಂಟುತ್ತ ಮನೆಯಲ್ಲಿ ಕೂತಿದ್ದವನು ಮತ್ತೆ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಟ. ನನ್ನ ತಂಗಿ ಬೊಮ್ಮಿಯೂ ಅಲ್ಲೇ ಮಣ್ಣು ಹೊರುತ್ತಿದ್ದಳು. ಅವಳಿಗಿಂತ ಮೊದಲು ಮಾವ ತಯಾರಾಗಿ ಅಂಗಳದಲ್ಲಿ ನಿಂತಿರುತ್ತಿದ್ದ.

ಸರ್ ಚಾರ್ಟಿನ ಕೆಲಸ ಕೊಟ್ಟ ವಾರದ ಭಾನುವಾರ ಬೆಳಿಗ್ಗೆ ನಾನು ಅಕ್ಕಿ ಕೇರುವ ಗೆರಸಿಯಲ್ಲಿ ಹಸಿಮೆಣಸು, ಹಣ್ಣುಮೆಣಸು ಕಲಸಿ ಮಾವನ ಮುಂದೆ ಇಟ್ಟೆ. ಅವನು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ.

"ಮಾವ, ಕೆಂಪು ಬ್ಯಾರೆ ಹಸ್ರು ಬ್ಯಾರೆ ಮಾಡಿ ಕೊಡು."

"ನಿನ್ನ ಅವ್ವಿ ಹೇಳಿದ್ಲಾ?"

"ಇಲ್ಲ. ಕಾಲೇಜಿನ ಕೆಲ್ಸ."

"ಮೆಣಸು ಹೆರ್ಕೂಕೆ ಕಾರವಾರದ ವರೆಗೆ ಹೋಗಬೇಕನಾ?" ಎಂದು ನಕ್ಕ. ಮಾತಾಡುತ್ತಲೇ ಒಂದೊಂದನ್ನೂ ಬೆರಳಲ್ಲಿ ಒತ್ತಿ ಎರಡು ರಾಶಿ ಮಾಡಿದ. ಒಂದೂ ತಪ್ಪಿರಲಿಲ್ಲ. ಹಣ್ಣಾದದ್ದು ಬೆರಳಿಗೆ ಮೆತ್ತಗೆ ಸಿಗುತ್ತದೆ ಎನ್ನುವುದು ನನಗೆ ಹೊಳೆದದ್ದು ಆಮೇಲೆ. ಆಗ ಮಾತ್ರ ನನಗೆ ನಿರಾಸೆಯಾಯಿತು. ನನ್ನ ಮಾವನ ಕಣ್ಣು ಸರಿಯಿದೆ ಎಂದು ನನಗೆ ನಿರಾಸೆಯಾಯಿತು.

ಒಳಗೆ ಹೋಗಿ ಬೊಮ್ಮಿಯ ಗಾಜಿನ ಬಳೆಗಳನ್ನು ತಂದೆ. ಒಂದೇ ಅಳತೆಯವು, ಕೆಂಪು ಆರು, ಹಸಿರು ಆರು.

"ಈಗ ಬಳೆ ಮಾರೂಕೆ ಹೊಂಟಿಯಾ?" ಎಂದ ಮಾವ.

"ಇದರಲ್ಲೂ ಬ್ಯಾರೆ ಮಾಡು."

ಅವನು ಒಂದು ಬಳೆ ಎತ್ತಿದ. ಬೆರಳಲ್ಲಿ ತಿರುಗಿಸಿದ. ಇನ್ನೊಂದು ಎತ್ತಿದ. ಬೆಳಕಿಗೆ ಹಿಡಿದ. ನಗು ಮೆಲ್ಲಗೆ ಇಳಿಯಿತು. ಮೂರು ಕೆಂಪು, ನಾಲ್ಕು ಹಸಿರು ಸೇರಿಸಿ ಒಂದು ಕಡೆ ಇಟ್ಟು ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನು ಕಂಡಿತೋ, ಒಂದು ಬಳೆ ಈಚೆಯಿಂದ ಆಚೆಗೆ ಬದಲಿಸಿದ.

ಅವ್ವಿ ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಗಿರಲಿಲ್ಲ. "ಸಾಕು ಬಾಳಾ. ಬಳೆ ಒಳಗೆ ಇಡು" ಎಂದಳು.

ನಾನು ಬಳೆ ಎತ್ತಿಕೊಂಡೆ. ಆಮೇಲೆ ಮಾವನೇ ಬುತ್ತಿಚೀಲ ಹತ್ತಿರ ಎಳೆದುಕೊಂಡು ಕೋಲಿಗೆ ಸುತ್ತಿದ ಎರಡು ಬಾವುಟ ಹೊರಗೆ ತೆಗೆದ.

"ಎರಡೂ ಒಂದೇ ನಮೂನಿ ಕಾಣ್ತದೆ ನಂಗೆ. ಹೊಸದಿದ್ದಾಗ ಒಂದು ಬಾವಟೆ ಚೂರು ಕಪ್ಪು ಕಾಣ್ತಿತ್ತು. ಬಿಸಿಲು, ಧೂಳು ಬಿದ್ದು ಅದೂ ಹೋಯ್ತು. ಇಲ್ಲಿ ಮುಟ್ಟಿ ನೋಡು."

ಒಂದು ಬಾವುಟದ ಮೂಲೆಯಲ್ಲಿ ಮೆಣಸಿನಕಾಳಿನಷ್ಟು ಸಣ್ಣ ಗಂಟು ಇತ್ತು. ನೋಡಿದರೆ ಕಾಣುತ್ತಿರಲಿಲ್ಲ, ಮುಟ್ಟಿದರೆ ಸಿಗುತ್ತಿತ್ತು.

"ಗಂಟು ಇದ್ದದ್ದು ನಿಲ್ಲೂದು. ಇಲ್ಲದ್ದು ಹೋಗೂದು. ಬಾವಟೆ ಕೊಟ್ಟ ದಿವ್ಸ ನಿನ್ನ ಅವ್ವಿ ಹಾಕಿಕೊಟ್ಳು. ಒಂದೂವರೆ ವರ್ಷ ಆಯ್ತು, ಒಂದು ದಿವ್ಸ ತಪ್ಪಲಿಲ್ಲ." ಬಾವುಟಗಳನ್ನು ಮತ್ತೆ ಸುತ್ತಿ ಚೀಲಕ್ಕೆ ಹಾಕಿದ. "ಈ ಸುದ್ದಿ ಹೊರಗೆ ಹೋಗೂಕಾಗ, ತಮಾ. ಹೋದ್ರೆ ನಂಗೆ ಮತ್ತೆ ಯಾರೂ ಕೆಲ್ಸ ಕೊಡೂದಿಲ್ಲ."

ನಾನು ತಲೆಯಾಡಿಸಿದೆ. ಬಾಯಿಬಿಟ್ಟು ಹೇಳಲಿಲ್ಲ. ಮಾತು ಕೊಟ್ಟಿರಲಿಲ್ಲವಲ್ಲ, ತಲೆಯಾಡಿಸಿದ್ದೆ ಅಷ್ಟೇ ಎಂದು ಮುಂದೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮುಂದಿನ ವಾರ ಹಿಲ್ಲೂರಿಗೆ ಹೋದೆ. ಅವ್ವಿಯ ಕಡೆಯ ಅಜ್ಜಿಯ ತಂಗಿ ಹೊನ್ನಿ ಅಜ್ಜಿ ಅಲ್ಲಿ ಮಗಳ ಮನೆಯಲ್ಲಿದ್ದಳು. ಹಳೆಯ ತಲೆಮಾರಿನವರಲ್ಲಿ ಉಳಿದವಳು ಅವಳೊಬ್ಬಳೇ. ಸತ್ತವರ ಹೆಸರು, ಹುಟ್ಟಿ ಸತ್ತ ಕೂಸುಗಳು, ಎಲ್ಲವನ್ನೂ ಹೇಳಿದಳು. ಅವಳ ಅಣ್ಣ ಹೇಗಿದ್ದ ಎಂದು ಕೇಳಿದೆ.

"ಅಂವ ಹಠಮಾರಿ. ನಿನ್ನ ಅಜ್ಜಿ ಮದಿವೆಗೆ ಕೆಂಪು ಸೀರೆ ತಾ ಅಂತ ಅಂಕೋಲೆ ಪ್ಯಾಟಿಗೆ ಕಳ್ಸಿದ್ರು. ಹಸ್ರು ತಂದ. ಇದು ಹಸ್ರು ಅಂದ್ರೆ, ಅಲ್ಲ ಕೆಂಪೇ ಅಂತ ವಾದ ಹಾಕ್ದ. ಕುಡ್ದು ಬಂದಿಂವ ಅಂತ ಚಪ್ಪರದಲ್ಲಿ ಎಲ್ಲಾ ನೆಗ್ಯಾಡಿದ್ರು. ಮೂರು ದಿವ್ಸ ಮನಿಗೆ ಬರಲಿಲ್ಲ ನೋಡು."

ಹೊನ್ನಿ ಅಜ್ಜಿ ನಕ್ಕಳು. ನಾನೂ ನಕ್ಕೆ. ಅವನು ಕುಡಿದಿರಲಿಲ್ಲ ಅಜ್ಜಿ, ಅವನಿಗೆ ಕಾಣುತ್ತಿರಲಿಲ್ಲ ಎಂದು ನಾನು ಹೇಳಬಹುದಿತ್ತು. ಐವತ್ತು ವರ್ಷದ ಆ ನಗೆ ಅಲ್ಲಿಗೆ ನಿಲ್ಲುತ್ತಿತ್ತೋ ಏನೋ. ನಾನು ನೋಟುಪುಸ್ತಕ ತೆಗೆದು ಎರಡನೆಯ ಸಾಲಿನ ಒಂದು ಚೌಕಕ್ಕೆ ಕಪ್ಪು ತುಂಬಿದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅದನ್ನೇ ಮತ್ತೆಮತ್ತೆ ತೆಗೆದು ನೋಡಿದೆ. ನನ್ನ ಅಜ್ಜಿಯ ಅಣ್ಣ, ನನ್ನ ಅಜ್ಜಿಯ ಮಗ. ನಡುವೆ ಅಜ್ಜಿ, ಏನೂ ಕಾಣಿಸದೆ ಎಲ್ಲವನ್ನೂ ದಾಟಿಸಿದವಳು. ಸರ್ ಬೋರ್ಡಿನ ಮೇಲೆ ಬರೆದು ತೋರಿಸಿದ್ದು ನಮ್ಮ ಮನೆಯಲ್ಲೇ ನಡೆದಿತ್ತು. ಆ ಪೇಪರಿನಲ್ಲಿ ಮೊದಲ ಸಲ ನನಗೊಂದು ವಿಷಯ ಅರ್ಥವಾಗಿತ್ತು.

ಫೆಬ್ರುವರಿಯ ಕೊನೆಯಲ್ಲಿ ಎಲ್ಲರೂ ತಮ್ಮ ಚಾರ್ಟು ಗೋಡೆಗೆ ಅಂಟಿಸಿ ವಿವರಿಸಬೇಕಿತ್ತು. ಸುಮಿತಾ ಎಂಬ ಕಾರವಾರದ ಹುಡುಗಿ ಕಿವಿಯ ತುದಿಯ ಆಕಾರ ತಂದಿದ್ದಳು. ಎರಡನೇ ಬೆಂಚಿನ ಗಿರಿಧರ ನಾಲಿಗೆ ಸುರುಳಿ ಮಾಡುವುದನ್ನು ತಂದಿದ್ದ. ತನ್ನ ನಾಲಿಗೆ ತೋರಿಸಿ ಎಲ್ಲರನ್ನೂ ನಗಿಸಿದ. ಗಿರಿಧರನ ತಂದೆ ರೈಲು ದಾರಿಯ ಕೆಲಸದಲ್ಲಿ ಸೂಪರ್‌ವೈಸರ್. ಬಾಳೆಗುಳಿಯ ಆ ಗುಡ್ಡದಲ್ಲಿ ಮದ್ದು ಇಡಿಸುತ್ತಿದ್ದವರು ಅವರೇ.

"ನಂಬರ್ ಹನ್ನೊಂದು."

ನಾನು ಹೋಗಿ ಚಾರ್ಟಿನ ಪಕ್ಕ ನಿಂತೆ. ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಹೇಳಿ ಮುಗಿಸಿದೆ. ಸರ್ ಚಾರ್ಟಿನ ಹತ್ತಿರ ಬಂದು ಬಹಳ ಹೊತ್ತು ನೋಡಿದರು. ಎರಡು ಕಪ್ಪು ಚೌಕಗಳ ನಡುವೆ ಬೆರಳು ಎಳೆದರು. ಅವ್ವಿಯಲ್ಲೂ ಅದು ಅಡಗಿರಬಹುದೇ ಎಂದು ಅವಳ ವೃತ್ತದ ಕೆಳಗೆ ನಾನು ಬರೆದಿದ್ದ ಪ್ರಶ್ನೆಚಿಹ್ನೆಯನ್ನೂ ನೋಡಿದರು.

"ಯಾವ ಪುಸ್ತಕದ್ದು?" ಎಂದರು.

"ಪುಸ್ತಕದ್ದಲ್ಲ ಸರ್. ಮನೇದು."

"ಹೆಸರು ಮಾತ್ರ ಮನೆಯದಿರಬೇಕು."

ಯಾರೋ ನಕ್ಕರು. ಸರ್ ನಗಲಿಲ್ಲ. "ಇಷ್ಟು ಸ್ಪಷ್ಟವಾಗಿ ಮನೆಗಳಲ್ಲಿ ಸಿಗುವುದಿಲ್ಲ. ಈ ಮೇಲಿನವನು ಸತ್ತು ಎಷ್ಟು ವರ್ಷವಾಯಿತು?"

"ಮೂವತ್ತು ಆಗಿರಬೇಕು ಸರ್."

"ಅವನ ಕಣ್ಣು ಪರೀಕ್ಷೆ ಮಾಡಿದವರು ಯಾರು?"

ನಾನು ಸೀರೆಯ ಕತೆ ಹೇಳಿದೆ. ಕನ್ನಡದಲ್ಲೇ ಹೇಳಿದೆ. ಮತ್ತೆ ಯಾರೋ ನಕ್ಕರು.

"ಕತೆ ಸಾಕ್ಷಿಯಲ್ಲ," ಎಂದರು ಸರ್. "ಈ ಎರಡನೆಯವನು? ಇವನಾದರೂ ಬದುಕಿದ್ದಾನೋ?"

"ಇದ್ದಾನೆ ಸರ್. ನನ್ನ ಮಾವ."

"ಅವನಿಗೆ ಕೆಂಪು ಹಸಿರು ಕಾಣುವುದಿಲ್ಲ ಅಂತ ನಿನಗೆ ಹೇಗೆ ಗೊತ್ತು?"

ಬಳೆಯ ವಿಷಯ ಹೇಳಿದ್ದರೆ ಸಾಕಿತ್ತು. ಇವತ್ತಿಗೂ ನನ್ನನ್ನು ಕೊರೆಯುವುದು ಅದು. ಬಳೆ ಒಳ್ಳೆಯ ಸಾಕ್ಷಿ, ಸರ್ ಒಪ್ಪುತ್ತಿದ್ದರು. ಆದರೆ ಬಳೆ ಎಂದರೆ ಮತ್ತೆ ನಗುತ್ತಾರೆ ಅನ್ನಿಸಿತು. ಸರ್ ಆಗಲೇ ಕಿಟಕಿಯ ಕಡೆ ತಿರುಗಿ ಕೈಕಟ್ಟಿದ್ದರು. ಆ ಮೌನ ಶುರುವಾಗಿತ್ತು. ಅದನ್ನು ಮುಗಿಸುವಂಥದ್ದು ನನ್ನ ಹತ್ತಿರ ಒಂದೇ ಇತ್ತು.

ಬಾಯಿ ತೆರೆಯುವ ಮೊದಲು ಗಿರಿಧರ ಕೂತಿದ್ದ ಕಡೆ ನೋಡಿದೆ. ಮರೆತಿದ್ದೆ ಎಂದು ಹೇಳಿಕೊಳ್ಳಲಾರೆ. ಅವನ ಮುಖ ನೋಡಿದೆ, ಅವನು ಯಾರ ಮಗ ಎನ್ನುವುದು ನೆನಪಾಯಿತು, ಆಮೇಲೆ ಹೇಳಿದೆ.

"ಸರ್, ಅವನು ರೈಲು ಕೆಲಸದಲ್ಲಿ ಬಾವುಟ ಹಿಡೀತಾನೆ. ಕೆಂಪು ಯಾವುದು ಅಂತ ಗೊತ್ತಾಗೋದಿಲ್ಲ. ಅದಕ್ಕೆ ಕೆಂಪು ಬಾವುಟದ ಮೂಲೇಲಿ ಒಂದು ಗಂಟು ಹಾಕಿಕೊಂಡಿದಾನೆ. ಮುಟ್ಟಿ ನೋಡಿ ಎತ್ತುತಾನೆ."

ಈ ಸಲ ಎಲ್ಲರೂ ನಕ್ಕರು. ಅದು ನನ್ನನ್ನು ನೋಡಿ ನಕ್ಕ ನಗೆಯಲ್ಲ. ಅದು ನನಗೆ ಹಿತವಾಗಿತ್ತು.

ಸರ್ ಕಿಟಕಿಯಿಂದ ಈಚೆ ತಿರುಗಿದರು. "ಗಂಟು," ಎಂದರು. ಆ ಶಬ್ದವನ್ನು ಇನ್ನೊಂದು ಸಲ ಹೇಳಿದರು. ಆಮೇಲೆ ಪುಸ್ತಕ ತೆರೆದು ಅಂಕ ಬರೆಯುತ್ತ, "ಹದಿನೆಂಟು. ಈ ಚಾರ್ಟು ಇಲ್ಲೇ ಇರಲಿ. ಕೂತ್ಕೊ, ಬಾಳಾ" ಎಂದರು.

ಮೂರು ವರ್ಷದಲ್ಲಿ ಅವರು ನನ್ನ ಹೆಸರು ಹೇಳಿದ್ದು ಅದೇ ಮೊದಲು.

ಹೊರಗೆ ಬರುವಾಗ ಸುಮಿತಾ ನನ್ನ ಪಕ್ಕದಲ್ಲಿ ನಡೆಯುತ್ತಿದ್ದಳು. "ಅರೆ, ಅದೆಲ್ಲಾ ಹೇಳ್ಬೇಕಿತ್ತಾ ನೀನು?" ಎಂದಳು. ನನಗೆ ಕೇಳಿಸಲಿಲ್ಲ ಎಂಬಂತೆ ಮೆಟ್ಟಿಲಿಳಿದೆ.

ನಾಲ್ಕು ದಿನ ಏನೂ ಆಗಲಿಲ್ಲ. ನಾನು ದಿನವೂ ಸಂಜೆ ಮನೆಗೆ ಬಂದ ಕೂಡಲೆ ಗೂಟದ ಕಡೆ ನೋಡುತ್ತಿದ್ದೆ. ಬುತ್ತಿಚೀಲ ಅಲ್ಲಿರುತ್ತಿತ್ತು, ಅದರ ಬಾಯಿಂದ ಬಾವುಟದ ಕೋಲುಗಳು ಹೊರಗೆ ಕಾಣುತ್ತಿದ್ದವು. ಐದನೆಯ ದಿನ ಚೀಲವಿತ್ತು, ಕೋಲು ಇರಲಿಲ್ಲ.

ಅವ್ವಿ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಮಾವ ಜಗಲಿಯಲ್ಲಿ ಗೋಡೆಗೆ ಒರಗಿದ್ದ. ಬೊಮ್ಮಿ ಕಾಲು ತೊಳೆದು ಬಂದವಳು ನಿಂತೇ ಹೇಳತೊಡಗಿದಳು.

"ಸೂಪರ್‌ವೈಸರ್ ಸಾಯಬ್ರು ಬಂದ್ರು. ಎಲ್ಲಾರ್ನೂ ಕರೆದ್ರು. ರಾಮಾ, ನಿನ್ನ ಬಾವಟೆ ತಾ ಅಂದ್ರು. ಮೂಲೆ ಹಿಡ್ದು ನೋಡಿ, ಗಂಟು ಬಿಚ್ಚಿದ್ರು. ಎರಡೂ ಬೆನ್ನ ಹಿಂದೆ ಹಿಡ್ದು, ತಿರುಗಿಸಿ, ಮತ್ತೆ ಮುಂದೆ ತಂದು, ಈಗ ಕೆಂಪು ಯಾವ್ದು ಹೇಳು ಅಂದ್ರು."

ಅವಳು ನಿಲ್ಲಿಸಿದಳು. ಮುಂದಿನದನ್ನು ನಾನು ಕೇಳಲಿಲ್ಲ. ಆದರೂ ಹೇಳಿದಳು.

"ಮಾವ ಮೂಲೆ ಮುಟ್ಟಿ ಮುಟ್ಟಿ ನೋಡ್ದ. ಎಲ್ಲಾರೂ ನೋಡ್ತಾ ಇದ್ರು. ಕಡೀಗೆ ಇದು ಅಂದ. ಹಸ್ರಾಗಿತ್ತು. ನೆಗ್ಯಾಡಿದ್ರು. ನನ್ನ ಸಂಗ್ತಿಗೆ ಮಣ್ಣು ಹೊರೂ ಹೆಂಗಸ್ರೂ ನೆಗ್ಯಾಡಿದ್ರು." ಮತ್ತೆ ನನ್ನ ಕಡೆ ತಿರುಗಿದಳು. "ಅವ್ರು ಬಂದವ್ರೇ ಗಂಟು ಹುಡುಕಿದ್ರು ಅಣ್ಣ. ಅಲ್ಲಿ ಗಂಟು ಅದೆ ಅಂತ ನಮ್ಮ ಮನಿ ಬಿಟ್ಟು ಯಾರಿಗೆ ಗೊತ್ತಿತ್ತು?"

"ಬೊಮ್ಮಿ, ಸುಮ್ನಿರು," ಎಂದ ಮಾವ. "ಅಂವ ಕಾರವಾರದಿಂದ ಬಂದಾನೆ. ಊಟ ಮಾಡ್ಲಿ."

ಅವ್ವಿ ತಟ್ಟೆ ತಂದಿಟ್ಟಳು. ಗಂಜಿ, ಸುಟ್ಟ ಬಂಗಡೆ. ಇನ್ನೂ ಹೊತ್ತು ಮುಳುಗಿರಲಿಲ್ಲ. ನಾನು ತಟ್ಟೆಯ ಮುಂದೆ ಕೂತೆ. ಅವ್ವಿ ನನ್ನ ಮುಖ ನೋಡಲಿಲ್ಲ. ಬೊಮ್ಮಿ ಒಳಗೆ ಹೋದಳು. ನಾನು ಹೇಳಬೇಕಿದ್ದ ಮಾತು ಬಾಯಿಯ ತನಕ ಬಂದಿತ್ತು. ಮಾವನೇ ಮೊದಲು ಮಾತಾಡಿದ.

"ನೀ ಅದೇನೋ ನಕ್ಷೆ ಬರೀತಿದ್ಯಲ್ಲ, ಮಾರ್ಕು ಬಂತನಾ?"

"ಬಂತು ಮಾವ."

"ಎಷ್ಟು?"

"ಹದಿನೆಂಟು."

"ಎಷ್ಟಕ್ಕೆ?"

"ಇಪ್ಪತ್ತಕ್ಕೆ."

"ಅಡ್ಡಿಲ್ಲ ಹಂಗಾರೆ," ಎಂದ ಮಾವ.

ಅಷ್ಟೇ. ಬೈದಿದ್ದರೆ, ಯಾಕೆ ಹೇಳಿದೆ ಎಂದು ಕೇಳಿದ್ದರೆ, ನಾನು ಅಳುತ್ತಿದ್ದೆನೋ ಏನೋ. ಅವನು ನನಗೆ ಆ ಬಾಗಿಲು ತೆರೆಯಲಿಲ್ಲ. ಮುಚ್ಚಿದ್ದು ದಯೆಯಿಂದಲೋ, ಕೇಳಿ ಖಚಿತ ಮಾಡಿಕೊಳ್ಳುವುದು ಬೇಡವೆಂದೋ, ನನಗೆ ಇಂದಿಗೂ ಗೊತ್ತಿಲ್ಲ. ನಾನು ಬಂಗಡೆಯ ಮುಳ್ಳು ಬಿಡಿಸುತ್ತ ಕೂತೆ.

ಮಾರನೆಯ ದಿನ ಕಾಲೇಜಿನ ಹಿಂದಿನ ಗಾಳಿಮರಗಳ ಹತ್ತಿರ ಗಿರಿಧರನನ್ನು ನಿಲ್ಲಿಸಿದೆ.

"ನಿಮ್ಮಪ್ಪಂಗೆ ಹೇಳಿದ್ದು ನೀನಾ?"

"ಊಟ ಮಾಡ್ತಾ ನಗೆಮಾತು ಅಂತ ಹೇಳ್ದೆ ಮಾರಾಯ. ಅಪ್ಪ ಊಟ ಬಿಟ್ಟು ಎದ್ದ." ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. "ನಿನ್ನ ಮಾವ ಅಂತ ಗೊತ್ತು. ಆದರೆ ನೀನೇ ಯೋಚನೆ ಮಾಡು. ಒಂದಿನ ಸೀಟಿ ಕೇಳಲಿಲ್ಲ, ಆಚೆ ತುದಿಯವನು ಎತ್ತಿದ ಬಾವುಟ ನೋಡಬೇಕಾಯ್ತು ಅಂತಿಟ್ಕೊ. ಅವನಿಗೆ ಏನು ಕಾಣ್ತದೆ? ಆಗ ಸತ್ತವರಿಗೆ ಯಾರು ಜವಾಬು ಕೊಡೋದು? ನನ್ನಪ್ಪ."

ಒಂದೂವರೆ ವರ್ಷದಲ್ಲಿ ಒಂದು ದಿನ ತಪ್ಪಿಲ್ಲ ಎಂದೆ. ಗಿರಿಧರ ಹೇಳಿದ್ದರಲ್ಲೂ ಸುಳ್ಳೇನೂ ಇರಲಿಲ್ಲ. ಬಣ್ಣಗುರುಡಿನ ಬಗ್ಗೆ ಅಷ್ಟೆಲ್ಲ ಓದಿದ ನನಗೆ ಆ ಪ್ರಶ್ನೆ ಒಂದು ಸಲವೂ ಎದ್ದಿರಲಿಲ್ಲ. ಆದರೆ ನಾನು ಅವತ್ತು ಲ್ಯಾಬಿನಲ್ಲಿ ಬಾಯಿಬಿಟ್ಟದ್ದು ರಸ್ತೆಯ ಮೇಲಿನ ಜನರ ಜೀವ ನೆನೆಸಿಕೊಂಡಲ್ಲ.

"ಬೇರೆ ಕೆಲಸ ಏನಾದ್ರೂ ಕೊಡಿಸು ಅಂತ ಅಪ್ಪಂಗೆ ಕೇಳಲಾ?" ಎಂದ ಅವನು.

ಕೇಳಿದನೋ ಏನೋ, ಮಾವನನ್ನು ಪೂರ್ತಿ ತೆಗೆದುಹಾಕಲಿಲ್ಲ. ಜಲ್ಲಿ ಬುಟ್ಟಿ ಹೊರಲು ಹಾಕಿದರು. ಮಾವ ಮಳೆಗಾಲ ಬರುವವರೆಗೆ ಹೊತ್ತ. ಬೆಳಿಗ್ಗೆ ಹೊರಡುವ ಮೊದಲು ಮೊಣಕಾಲಿಗೆ ಹಳೆ ಸೀರೆಯ ತುಂಡು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ಅಲ್ಲಿ ಅವನನ್ನು ಗಂಟು ರಾಮಾ ಎಂದು ಕರೆಯುತ್ತಿದ್ದರಂತೆ. ಕರೆದರೆ ತಿರುಗಿ ನೋಡುತ್ತಿದ್ದನಂತೆ. ಜೂನಿನಲ್ಲಿ ಕೆಸರಿನಲ್ಲಿ ಜಾರಿ ಅದೇ ಮೊಣಕಾಲಿನ ಮೇಲೆ ಬಿದ್ದ. ಮತ್ತೆ ಕೆಲಸಕ್ಕೆ ಹೋಗಲಿಲ್ಲ.

ಅದೇ ತಿಂಗಳು ನನ್ನ ರಿಸಲ್ಟು ಬಂತು. ಜೆನೆಟಿಕ್ಸಿನಲ್ಲಿ ಪಾಸಾಗಿದ್ದೆ. ಸರಿಯಾಗಿ ಲೆಕ್ಕ ಹಾಕಿದರೆ, ಆ ಹದಿನೆಂಟು ಇಲ್ಲದಿದ್ದರೆ ಆಗುತ್ತಿರಲಿಲ್ಲ. ಮಾರ್ಕ್ಸ್ ಕಾರ್ಡು ತರಲು ಹೋದ ದಿನ ಲ್ಯಾಬಿಗೆ ಹೋಗಿ ಚಾರ್ಟು ವಾಪಸ್ಸು ಕೇಳೋಣ ಎಂದುಕೊಂಡೆ. ದೇವಿದಾಸ ಸರ್ ಒಬ್ಬರೇ ನೊಣದ ಬಾಟ್ಲಿಗಳಿಗೆ ಹತ್ತಿ ತುರುಕುತ್ತ ಕೂತಿದ್ದರು. ಚಾರ್ಟಿಗೆ ಕಟ್ಟು ಹಾಕಿಸಿ ಬೋರ್ಡಿನ ಪಕ್ಕದಲ್ಲೇ ತೂಗುಹಾಕಿದ್ದರು.

"ಏನಾದರೂ ಬೇಕಿತ್ತೇ, ಬಾಳಾ?" ಎಂದರು.

ಯಾಕೆ ಬೇಕು ಎಂದು ಕೇಳಿದರೆ ಎಲ್ಲ ಹೇಳಬೇಕಾಗುತ್ತಿತ್ತು. ಅವರು ಕಾದರು. ಅವರ ಕಾಯುವಿಕೆಗೆ ನಾನು ಈಗ ಹೆದರುತ್ತಿರಲಿಲ್ಲ. ಆದರೂ ಏನಿಲ್ಲ ಸರ್, ಹೋಗಿಬರ್ತೇನೆ ಎಂದೆ.

ಈಗ ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಟಾಣಿ ಗಿಡದ ಪಾಠ ಚೆನ್ನಾಗಿ ಮಾಡುತ್ತೇನೆಂದು ಮಕ್ಕಳು ಹೇಳುತ್ತಾರೆ. ಮನೆಯಿಂದ ಏನನ್ನಾದರೂ ತನ್ನಿ ಎಂದು ಮಾತ್ರ ಅವರಿಗೆ ಹೇಳುವುದಿಲ್ಲ. ಬೊಮ್ಮಿಗೆ ಮದುವೆಯಾಗಿ ಒಬ್ಬ ಮಗನಿದ್ದಾನೆ, ಕಾರ್ತಿಕ. ಮಾವ ಜಗಲಿಯಲ್ಲಿರುತ್ತಾನೆ. ಈಗ ದಿನವೂ ರೈಲು ಹೋಗುತ್ತದೆ. ಆ ಗುಡ್ಡದ ಸೀಳಿನೊಳಗೆ ಹೋಗುವಾಗ ಅದು ಕೂಗುವುದು ನಮ್ಮ ಮನೆಗೆ ಕೇಳಿಸುತ್ತದೆ. ಒಂದು ಸಲ ಉದ್ದಕ್ಕೆ ಕೂಗಿದಾಗ ಮಾವನ ಬಲಗೈ ತೊಡೆಯ ಮೇಲಿಂದ ಚೂರು ಎತ್ತಿದ್ದನ್ನು ನಾನು ಕಂಡಿದ್ದೇನೆ.

ಕಳೆದ ಮೇ ತಿಂಗಳಲ್ಲಿ ಬೊಮ್ಮಿ ರಜೆಗೆ ಬಂದಿದ್ದಳು. ಕಾರ್ತಿಕನಿಗೆ ಐದು ತುಂಬಿತ್ತು. ಜಗಲಿಯಲ್ಲಿ ಮಾವನ ಪಕ್ಕ ಹೊಟ್ಟೆಯಡಿಯಾಗಿ ಮಲಗಿ, ನಾನು ತಂದುಕೊಟ್ಟ ಮೇಣದ ಬಣ್ಣದ ಕಡ್ಡಿಗಳಿಂದ ಮಾವಿನ ಮರ ಬರೆಯುತ್ತಿದ್ದ. ಬೊಮ್ಮಿ ಅತ್ತ ಬಂದವಳು ನೋಡಿ, "ಇದೆಂತದಾ? ಎಲೆಗೆ ಯಾರಾದ್ರೂ ಕೆಂಪು ಹಚ್ತ್ರಾ?" ಎಂದಳು.

"ಹಸ್ರೇ ಅಲ್ದಾ ಅವ್ವಿ?" ಎಂದ ಅವನು.

"ಕಣ್ಣು ಎಲ್ಲಿಟ್ಟಿದಿ? ಇಡೀ ಮರ ಕೆಂಪು ಮಾಡಿಟ್ಟಿದಿ."

ಮಾವ ಕೈ ಚಾಚಿ ಹಾಳೆ ಎತ್ತಿಕೊಂಡ. ದೂರ ಹಿಡಿದು ನೋಡಿದ. "ನೆಟ್ಟಗೇ ಅದ್ಯಲ್ಲೇ," ಎಂದ.

ಬೊಮ್ಮಿ ನನ್ನನ್ನು ನೋಡಿದಳು. ಅವಳಿಗೆ ಏನು ತಿಳಿಯಿತೋ, ಸೆರಗಿನ ತುದಿ ಹಿಡಿದು ಒಳಗೆ ಹೋದಳು. ಮಾವ ಹಾಳೆಯನ್ನು ನಿಧಾನಕ್ಕೆ ಕೆಳಗಿಟ್ಟ. ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಚೂರಿ ತೆಗೆದ. ಬಣ್ಣದ ಡಬ್ಬಿಯನ್ನು ನನ್ನ ಮುಂದೆ ಸರಿಸಿದ.

"ಇದ್ರಲ್ಲಿ ಕೆಂಪು ಯಾವ್ದು? ನೀ ತೆಗ್ದು ಕೊಡು."

ನಾನು ಕೆಂಪು ಕಡ್ಡಿ ಹುಡುಕಿ ಅವನ ಕೈಯಲ್ಲಿಟ್ಟೆ. ಅವನು ಕಡ್ಡಿಯ ಬುಡದಲ್ಲಿ ಚೂರಿಯಿಂದ ಒಂದು ಕಚ್ಚು ಮಾಡಿ, ಕಾರ್ತಿಕನ ಹೆಬ್ಬೆರಳು ಹಿಡಿದು ಅದರ ಮೇಲೆ ಆಡಿಸಿದ.

"ಸಿಕ್ತಾ?"

"ಸಿಕ್ತು ಅಜ್ಜ."

"ಇದು ಕೆಂಪು. ಕಣ್ಣಿಗೆ ಕೇಳಬೇಡ, ಬೆರಳಿಗೆ ಕೇಳು."

ಹುಡುಗ ಕಣ್ಣು ಮುಚ್ಚಿ ಮುಟ್ಟಿ ನಕ್ಕ. ಮಾವ ತಲೆ ಎತ್ತದೆ, ಚೂರಿಯ ಅಂಚಿಗೆ ಅಂಟಿದ ಮೇಣವನ್ನು ಪಂಚೆಗೆ ಒರೆಸಿಕೊಳ್ಳುತ್ತ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ಇಂವಂದು ನಿಮ್ಮ ಸರೂಗೆ ಹೇಳೂಕೆ ಹೋಗಬೇಡ, ತಮಾ."

ಈ ಸಲ ನಾನು ತಲೆಯಾಡಿಸಿ ಸುಮ್ಮನಾಗಲಿಲ್ಲ. "ಇಲ್ಲ ಮಾವ," ಎಂದೆ. ಇನ್ನೇನೋ ಹೇಳಬೇಕಿತ್ತು, ಇಷ್ಟು ವರ್ಷ ಹೇಳದೆ ಉಳಿದದ್ದು. ಮಾವ ಅಷ್ಟರಲ್ಲಿ ಮತ್ತೆ ಕೈ ಚಾಚಿದ್ದ.

"ಹಸ್ರು ಕೊಡು," ಎಂದ.